ಸಾಫ್ಟ್‌ಬಾಲ್ ನಿಯಮ: ಅಂಪೈರ್ ಅಕ್ಕೋರಿಗೆ ನಿಮ್ಮ ಪ್ರಶ್ನೆ

ಅಡ್ಮಿನ್: ಶಾಲಾ ಕ್ರೀಡಾಕೂಟ ಹತ್ತಿರ ಬಂತು. ಕಾರವಾರ, ಶಿರಸಿ ಎರಡೂ ಶೈಕ್ಷಣಿಕ ಜಿಲ್ಲೆಯ ಕೋಚ್‌ಗಳು, ಹೊಸ ಅಂಪೈರ್‌ಗಳು ಗ್ರೂಪ್‌ನಲ್ಲಿದ್ದೀರಿ. ಇವತ್ತು ಶಿರಸಿಯ ಅಂಪೈರ್ ಅಕ್ಕೋರು ಉತ್ತರ ಕೊಡುತ್ತಾರೆ. ಫಾಸ್ಟ್‌ಪಿಚ್ (ವೇಗದ ಪಿಚ್‌ನ ಸಾಫ್ಟ್‌ಬಾಲ್) ಬಗ್ಗೆ ಮಾತ್ರ ಕೇಳಿ.

ಕುಮಟಾ ಕೋಚ್: ನಮಸ್ಕಾರ ಅಕ್ಕೋರೇ. ಮೂರನೇ ಸ್ಟ್ರೈಕ್‌ನಲ್ಲಿ ಕ್ಯಾಚರ್ ಕೈಯಿಂದ ಬಾಲ್ ಬಿತ್ತು. ಬ್ಯಾಟರ್ ಓಡಬಹುದಾ?

ಅಂಪೈರ್: ನಮಸ್ಕಾರ. ಫಸ್ಟ್ ಬೇಸ್ ಖಾಲಿ ಇದ್ದರೆ ಓಡಬಹುದು. ಎರಡು ಔಟ್ ಆಗಿದ್ದರೆ ಫಸ್ಟ್‌ನಲ್ಲಿ ರನ್ನರ್ ಇದ್ದರೂ ಓಡಬಹುದು.

ಸಿದ್ದಾಪುರ ಕೋಚ್: ಅಕ್ಕೋರೇ, ಪ್ರಾಕ್ಟೀಸ್ ಮ್ಯಾಚ್‌ನಲ್ಲಿ ನಮ್ಮ ರನ್ನರ್ ಸೆಕೆಂಡ್‌ನಿಂದ ಹೋಮ್‌ಗೆ ಬಂದಳು. ಸೆಂಟರ್ ಫೀಲ್ಡ್‌ನಿಂದ ಥ್ರೋ ಇನ್ನೂ ಬರುತ್ತಿತ್ತು. ಕ್ಯಾಚರ್ ಪ್ಲೇಟ್‌ಗೆ, ಅಂದರೆ ಹೋಮ್ ಬೇಸ್‌ಗೆ, ಅಡ್ಡ ಕೂತಿದ್ದಳು. ನಮ್ಮವಳು ಮೊಣಕಾಲು ತರಚಿಸಿಕೊಂಡು ಸುತ್ತಿ ಹೋಗುವಷ್ಟರಲ್ಲಿ ಬಾಲ್ ಬಂತು, ಮೈಗೆ ಬಾಲ್ ತಾಗಿಸಿ ಟ್ಯಾಗ್ ಆಯ್ತು. ಔಟ್ ಕೊಟ್ಟರು. ಸರಿಯಾ?

ಅಂಪೈರ್: ಇದು ನನಗೆ ತುಂಬಾ ಚಿಂತೆಯ ವಿಷಯ. ಸ್ವಲ್ಪ ಉದ್ದ ಬರೆಯುತ್ತೇನೆ, ಎಲ್ಲರೂ ಓದಿ.

ನೀವು ಹೇಳಿದಂತೆ ನಡೆದಿದ್ದರೆ ಅವಳು ಔಟ್ ಅಲ್ಲ. ಕೈಯಲ್ಲಿ ಬಾಲ್ ಇಲ್ಲದ ಫೀಲ್ಡರ್ ರನ್ನರ್ ದಾರಿಗೆ ಅಡ್ಡ ಬಂದರೆ ಅದು ಅಬ್‌ಸ್ಟ್ರಕ್ಷನ್. ಬ್ಯಾಟಿಗೆ ತಾಗಿ ಬಂದ ಬಾಲ್ ಹಿಡಿಯುತ್ತಿರುವ ಫೀಲ್ಡರ್‌ಗೆ ಮಾತ್ರ ರಿಯಾಯಿತಿ. ಥ್ರೋ ಕಾಯುವವರಿಗೆ ಇಲ್ಲ. ‘ಬಾಲ್ ಬರ್ತಾ ಇತ್ತು’ ಅಂದರೆ ಸಾಲದು, ಕೈಗೆ ಬಂದಿರಬೇಕು. ಮೈಗೆ ಮೈ ತಾಗಲೇಬೇಕು ಅಂತಲೂ ಇಲ್ಲ. ರನ್ನರ್ ಓಟ ನಿಧಾನ ಮಾಡಬೇಕಾಯಿತು, ಸುತ್ತಿ ಹೋಗಬೇಕಾಯಿತು ಅಂದರೂ ಅದು ಅಡ್ಡಿಯೇ.

ಹೊಸ ಅಂಪೈರ್‌ಗಳೇ, ಕಂಡ ಕೂಡಲೇ ‘ಡೆಡ್ ಬಾಲ್’ (ಆಟ ನಿಂತಿತು) ಅಂತ ಕೂಗಬೇಡಿ. ಎಡಗೈಯನ್ನು ಪಕ್ಕಕ್ಕೆ ನೇರ ಚಾಚಿ, ಆಟ ನಡೆಯಲಿ. ಅಡ್ಡಿ ಇಲ್ಲದಿದ್ದರೆ ಅವಳು ಯಾವ ಬೇಸ್ ಮುಟ್ಟುತ್ತಿದ್ದಳು ಅಂತ ನೀವೇ ತೀರ್ಮಾನಿಸಬೇಕು. ಅದಕ್ಕೆ ಮೊದಲೇ ಅವಳನ್ನು ಔಟ್ ಮಾಡಿದರೆ ಆಗ ಡೆಡ್ ಬಾಲ್ ಹೇಳಿ ಆ ಬೇಸ್ ಕೊಡಿ. ಇಲ್ಲಿ ಅದು ಹೋಮ್, ಹಾಗಾಗಿ ರನ್ ಸಿಗಬೇಕು.

ಕ್ಯಾಚರ್ ಕೈಯಲ್ಲಿ ಬಾಲ್ ಇದ್ದಾಗ ರನ್ನರ್ ಬೇಕಂತಲೇ ಜೋರಾಗಿ ಗುದ್ದಿದರೆ ರನ್ನರೇ ಔಟ್. ಸ್ಲೈಡ್ ಮಾಡುವುದನ್ನು ಕಲಿಸಿ. ಕ್ಯಾಚರ್‌ಗೆ, ಥ್ರೋ ಕೈಗೆ ಬರುವ ತನಕ ಥರ್ಡ್ ಬೇಸ್ ಕಡೆಯ ದಾರಿ ಬಿಟ್ಟು ನಿಲ್ಲಲು ಕಲಿಸಿ. ಮೊಣಕಾಲಿನ ಲಿಗಮೆಂಟ್ ಹರಿದರೆ ಆ ಹುಡುಗಿ ಮತ್ತೆ ಮೈದಾನಕ್ಕೆ ಬರಲು ತಿಂಗಳುಗಟ್ಟಲೆ ಬೇಕು.

ಹಳಿಯಾಳ ಕೋಚ್: ಆದರೆ ಈ ಫಾರ್ವರ್ಡ್ ನೋಡಿ ಅಕ್ಕೋರೇ. ‘ಗೆಲ್ಲುವ ಕ್ಯಾಚರ್ ಪ್ಲೇಟ್ ಬಿಡುವುದಿಲ್ಲ. ಜಾಣ ರನ್ನರ್ ಬೇಸ್‌ನಿಂದ ನಾಲ್ಕು ಹೆಜ್ಜೆ ಮುಂದೆ ನಿಂತು ಪಿಚ್ ಕಾಯುತ್ತಾನೆ. ಎಲ್ಲ ಕೋಚ್‌ಗಳಿಗೂ ಕಳಿಸಿ.’

ಅಂಪೈರ್: ಪ್ಲೇಟ್ ವಿಷಯ ಈಗಷ್ಟೇ ಬರೆದೆ. ನಾಲ್ಕು ಹೆಜ್ಜೆ ಮುಂದೆ ನಿಲ್ಲುವುದು ಬೇಸ್‌ಬಾಲ್‌ನಲ್ಲಿ. ನಮ್ಮಲ್ಲಿ ಪಿಚರ್ ಕೈಯಿಂದ ಬಾಲ್ ಹೊರಡುವ ತನಕ ರನ್ನರ್ ಕಾಲು ಬೇಸ್ ಮೇಲೇ ಇರಬೇಕು. ಮೊದಲೇ ಬಿಟ್ಟರೆ ಔಟ್. ಯಾರು ಬರೆದರೋ ಗೊತ್ತಿಲ್ಲದ ಮೆಸೇಜ್ ನಂಬಿ ಮಕ್ಕಳನ್ನು ಔಟ್ ಮಾಡಿಸಬೇಡಿ. ಇಂಥದ್ದನ್ನು ಇಲ್ಲಿ ಹಾಕಲೂ ಬೇಡಿ.

ಭಟ್ಕಳ ಕೋಚ್: ಮಳೆ ಬಂದು ನಾಲ್ಕನೇ ಇನಿಂಗ್ಸ್‌ನಲ್ಲಿ ಆಟ ನಿಂತರೆ ಫಲಿತಾಂಶ ಏನು?

ಮುಂಡಗೋಡ ಕೋಚ್: ಮೂರನೇ ಸ್ಟ್ರೈಕ್ ಬಾಲ್ ಕೆಳಗೆ ಬಿದ್ದರೆ ಓಡಬಹುದಾ ಅಕ್ಕೋರೇ?

ಅಂಪೈರ್: ಮೇಲಿದೆ.

ಅಂಕೋಲಾ ಮಾಸ್ತರು: ಫಸ್ಟ್ ಬೇಸ್‌ನಲ್ಲಿ ಬಾಲೂ ಕಾಲೂ ಒಟ್ಟಿಗೇ ಬಂದರೆ ಸೇಫ್. ಟೈ ಆದರೆ ರನ್ನರ್‌ಗೆ. ಹೊಸಬರು ನೆನಪಿಡಿ.

ಯಲ್ಲಾಪುರ ಅಂಪೈರ್: ಟೈ ಅಂತ ಸಿಗ್ನಲ್ ಎಲ್ಲಿದೆ ಮಾಸ್ತರೇ? ಔಟ್ ಇದೆ, ಸೇಫ್ ಇದೆ.

ಅಂಕೋಲಾ ಮಾಸ್ತರು: ನೀವು ಹುಟ್ಟುವ ಮೊದಲಿಂದ ಆಟ ನೋಡಿದ್ದೇನೆ.

ಯಲ್ಲಾಪುರ ಅಂಪೈರ್: ನೋಡಿದ್ದು ಬೇರೆ, ಓದಿದ್ದು ಬೇರೆ. ಘಟ್ಟದ ಕೆಳಗೆ ಹೀಗೇ ಕೊಡುತ್ತೀರಾ?

ಕುಮಟಾ ಕೋಚ್: ಘಟ್ಟದ ಮಾತು ಯಾಕೆ ಸ್ವಾಮಿ? ಮೇಲಿನವರು ಎಷ್ಟು ಸರಿ ಕೊಡುತ್ತೀರಿ ಅಂತ ನಮಗೂ ಗೊತ್ತು.

ಅಂಪೈರ್: ಕಣ್ಣು ಕಾಲಿನ ಮೇಲೆ, ಕಿವಿ ಗ್ಲೌಸ್ ಸದ್ದಿನ ಮೇಲೆ ಇರಲಿ. ಯಾವುದು ಮೊದಲು ಅಂತ ತೀರ್ಮಾನಿಸಿ. ಟೈ ಎಂಬ ತೀರ್ಪು ಇಲ್ಲ.

ಹೊನ್ನಾವರ ಹೊಸ ಅಂಪೈರ್: ಅಕ್ಕೋರೇ, ಮೂರೂ ಬೇಸ್ ತುಂಬಿತ್ತು, ಒಂದು ಔಟ್. ಶಾರ್ಟ್‌ಸ್ಟಾಪ್ ಸುಲಭದ ಕ್ಯಾಚ್ ಬಿಟ್ಟು, ಬಾಲ್ ಎತ್ತಿ ಡಬಲ್ ಪ್ಲೇ (ಒಂದೇ ಬಾಲ್‌ನಲ್ಲಿ ಎರಡು ಔಟ್) ಮಾಡಿದಳು. ಒಪ್ಪಬಹುದಾ?

ಅಂಪೈರ್: ಒಪ್ಪಬಾರದು. ಇಂಥ ಮೋಸ ತಡೆಯಲೆಂದೇ ಇನ್‌ಫೀಲ್ಡ್ ಫ್ಲೈ (ಇನ್‌ಫೀಲ್ಡರ್ ಸುಲಭವಾಗಿ ಹಿಡಿಯಬಹುದಾದ ಎತ್ತರದ ಬಾಲ್) ನಿಯಮ ಇದೆ. ಎರಡಕ್ಕಿಂತ ಕಡಿಮೆ ಔಟ್ ಇದ್ದು, ಫಸ್ಟ್ ಮತ್ತು ಸೆಕೆಂಡ್‌ನಲ್ಲಿ ರನ್ನರ್ ಇದ್ದರೆ ಅಥವಾ ಮೂರೂ ತುಂಬಿದ್ದರೆ ಇದು ಅನ್ವಯ. ಬಾಲ್ ಗಾಳಿಯಲ್ಲಿರುವಾಗಲೇ ಕೂಗಿ. ಕ್ಯಾಚ್ ಹಿಡಿದರೂ ಬಿಟ್ಟರೂ ಬ್ಯಾಟರ್ ಔಟ್. ಆಗ ಫೋರ್ಸ್, ಅಂದರೆ ರನ್ನರ್ ಮುಂದಿನ ಬೇಸ್‌ಗೆ ಓಡಲೇಬೇಕೆಂಬ ಒತ್ತಾಯ, ಹೋಯಿತು, ರನ್ನರ್‌ನ ಮೈಗೇ ಟ್ಯಾಗ್ ಮಾಡಬೇಕು. ಬಾಲ್ ಲೈವ್, ಓಡುವವರು ತಮ್ಮ ಜವಾಬ್ದಾರಿಯಲ್ಲಿ ಓಡಲಿ. ಬಾಲ್ ಫೌಲ್ ಗೆರೆ ಹತ್ತಿರ ಇದ್ದರೆ ‘ಫೇರ್ ಆದರೆ’ (ಫೌಲ್ ಆಗದಿದ್ದರೆ) ಅಂತ ಸೇರಿಸಿ. ಬಂಟ್‌ಗೆ (ಬ್ಯಾಟ್ ಬೀಸದೆ ಮೆಲ್ಲಗೆ ತಾಗಿಸುವ ಹೊಡೆತ), ಲೈನ್ ಡ್ರೈವ್‌ಗೆ (ನೇರವಾಗಿ ಜೋರಾಗಿ ಹೋಗುವ ಹೊಡೆತ) ಇದು ಇಲ್ಲ.

ಭಟ್ಕಳ ಕೋಚ್: ಮಳೆಯ ಪ್ರಶ್ನೆ ಕೇಳಿದ್ದೆ.

ಅಂಕೋಲಾ ಮಾಸ್ತರು: ಇನ್‌ಫೀಲ್ಡ್ ಫ್ಲೈ ಶಾಲಾ ಆಟಕ್ಕೆ ಯಾಕೆ? ಮಕ್ಕಳಿಗೆ ಅರ್ಥ ಆಗುವುದಿಲ್ಲ. ನಾನು ಕೊಡುವುದಿಲ್ಲ.

ಅಂಪೈರ್: ಹಾಗಾದರೆ ಆ ಮ್ಯಾಚ್‌ಗೆ ನಿಲ್ಲಬೇಡಿ ಮಾಸ್ತರೇ.

ಯಲ್ಲಾಪುರ ಅಂಪೈರ್: ಅದೇ ನಾನು ಹೇಳಿದ್ದು.

ಅಂಕೋಲಾ ಮಾಸ್ತರು: ನಿಮ್ಮನ್ನು ಯಾರೂ ಕೇಳಲಿಲ್ಲ.

ಕಾರವಾರ ಕೋಚ್: ಎರಡು ಸ್ಟ್ರೈಕ್ ಆದ ಮೇಲೆ ಬಂಟ್ ಫೌಲ್ ಆದರೆ?

ಅಂಪೈರ್: ಔಟ್.