ದವಡೆಯೊಳಗೆ ರಕ್ತನಾಳದ ಗಡ್ಡೆ: ಅಲುಗುವ ಹಲ್ಲನ್ನು ಕೀಳಿಸಬಹುದೇ?

ಪ್ರಶ್ನೆ (ಜಗಳೂರಿನ ತಾಯಿ): ನನ್ನ ಮಗಳಿಗೆ 13 ವರ್ಷ. ಕೆಳಗಿನ ದವಡೆಹಲ್ಲೊಂದು ಆರು ತಿಂಗಳಿಂದ ಅಲುಗುತ್ತಿದೆ. ವಸಡಿನಿಂದ ರಕ್ತ ಒಸರಿ, ಬೆಳಗಾದರೆ ದಿಂಬಿನ ಮೇಲೆ ಕಲೆ ಇರುತ್ತದೆ. ದಾವಣಗೆರೆಯ ದಂತವೈದ್ಯರು ಎಕ್ಸ್‌ರೇ ನೋಡಿ, ರಕ್ತನಾಳದ ಗಡ್ಡೆಯ ಶಂಕೆಯಿರುವುದರಿಂದ ಹಲ್ಲು ಮುಟ್ಟುವುದಿಲ್ಲವೆಂದು ಸಿ.ಟಿ. ಆಂಜಿಯೋಗ್ರಾಮ್ (ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್) ಬರೆದುಕೊಟ್ಟರು. ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಸರಿಯಾಗಿಯೇ ಇದೆ. ಬೇರೊಬ್ಬರು ಕಿತ್ತುಕೊಡಲು ಒಪ್ಪಿದ್ದಾರೆ. ಕೀಳಿಸಬಹುದೇ?

ಉತ್ತರ (ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸಕ): ಬೇಡ. ಮುಟ್ಟುವುದಿಲ್ಲ ಎಂದವರು ನಿಮಗೆ ದೊಡ್ಡ ಉಪಕಾರವನ್ನೇ ಮಾಡಿದ್ದಾರೆ. ಹೆಪ್ಪುಗಟ್ಟುವ ಪರೀಕ್ಷೆ ಇಲ್ಲಿ ಧೈರ್ಯ ಕೊಡುವುದಿಲ್ಲ, ಏಕೆಂದರೆ ದೋಷ ರಕ್ತದಲ್ಲಿಲ್ಲ, ನಾಳಗಳ ರಚನೆಯಲ್ಲಿದೆ. ಅಪಧಮನಿಯು ಲೋಮನಾಳಗಳನ್ನು ಬಿಟ್ಟು ನೇರವಾಗಿ ಅಭಿಧಮನಿಗೆ ಕೂಡಿಕೊಂಡಿದ್ದರೆ, ರಕ್ತವು ಮೂಳೆಯೊಳಗೆ ಭಾರಿ ಒತ್ತಡದಿಂದ ನುಗ್ಗುತ್ತಿರುತ್ತದೆ. ಆಗ ಹಲ್ಲು ಸೂಳೆಕೆರೆಯ ತೂಬಿನಂತೆ. ತೂಬು ಕಿತ್ತ ಮೇಲೆ ಹತ್ತಿ ತುರುಕಿ ಕೆರೆ ನಿಲ್ಲಿಸಲಾಗದು. ಹೀಗೆ ಹಲ್ಲು ಕೀಳುವಾಗಲೇ ಜೀವ ಹೋದ ಉದಾಹರಣೆಗಳು ವೈದ್ಯಸಾಹಿತ್ಯದಲ್ಲಿವೆ.

ವಸಡಿನ ರೋಗವಿಲ್ಲದೆ ಹಲ್ಲು ಅಲುಗುವುದು, ಒತ್ತಿದರೆ ಒಳಗಿಳಿದು ಮತ್ತೆ ಮೇಲೇಳುವುದು, ಆ ಭಾಗ ಬೆಚ್ಚಗಿದ್ದು ಬೆರಳಿಗೆ ನಾಡಿ ಸಿಗುವುದು, ಇವು ಅನುಮಾನಿಸಬೇಕಾದ ಚಿಹ್ನೆಗಳು. ಎಕ್ಸ್‌ರೇಯಲ್ಲಿ ಜೇನುಗೂಡಿನಂತಹ ಚಿತ್ರ ಕಾಣಬಹುದು, ಕಾಣದೆಯೂ ಇರಬಹುದು. ರಕ್ತದ ಹರಿವು ನಿಧಾನವೋ ರಭಸವೋ ಎಂಬುದನ್ನು ಆಂಜಿಯೋಗ್ರಾಮ್ ಹೇಳುತ್ತದೆ, ಮುಂದಿನ ದಾರಿಯೆಲ್ಲ ಅದನ್ನೇ ಅವಲಂಬಿಸಿದೆ. ರಭಸದ್ದಾದರೆ, ಸಾಮಾನ್ಯವಾಗಿ ತೊಡೆಯ ಅಪಧಮನಿಯ ಮೂಲಕ ಸಣ್ಣ ನಳಿಕೆ ಕಳುಹಿಸಿ ಗಡ್ಡೆಗೆ ರಕ್ತವುಣಿಸುವ ನಾಳಗಳನ್ನು ಮುಚ್ಚುತ್ತಾರೆ, ಇದೇ ಎಂಬೊಲೈಸೇಶನ್. ಹಲ್ಲು ತೆಗೆಯಲೇಬೇಕಾದರೆ ಅದಾದ ಎರಡು ಮೂರು ದಿನಗಳೊಳಗೆ, ಹೊಸ ಕವಲುನಾಳಗಳು ತೆರೆದುಕೊಳ್ಳುವ ಮೊದಲೇ, ರಕ್ತ ಸಿದ್ಧವಿಟ್ಟುಕೊಂಡು ಆಪರೇಷನ್ ಥಿಯೇಟರಿನಲ್ಲಿ ತೆಗೆಯುತ್ತಾರೆ.

ಮರುಪ್ರಶ್ನೆ (ಚಿತ್ರದುರ್ಗದ ದಂತವೈದ್ಯ ವಿದ್ಯಾರ್ಥಿ): ಮುಖ, ದವಡೆಗಳಿಗೆ ರಕ್ತ ಒಯ್ಯುವ ಕತ್ತಿನ ಹೊರ ಕೆರೋಟಿಡ್ ನಾಳವನ್ನೇ ಕಟ್ಟಿಬಿಟ್ಟರೆ ಸಾಲದೇ?

ಉತ್ತರ: ಸಾಲದು, ಕೆಡಕೂ ಹೌದು. ಎದುರು ಬದಿಯ ಕವಲುಗಳಿಂದ ಗಡ್ಡೆಗೆ ರಕ್ತ ಮತ್ತೆ ಬರುತ್ತದೆ, ಎಂಬೊಲೈಸೇಶನ್‌ಗೆ ನಳಿಕೆ ಸಾಗಬೇಕಾದ ಹಾದಿಯನ್ನು ಮಾತ್ರ ನಾವೇ ಮುಚ್ಚಿರುತ್ತೇವೆ.

ಮರುಪ್ರಶ್ನೆ (ಜಗಳೂರಿನ ತಾಯಿ): ಪರೀಕ್ಷೆಗೆ ಮುನ್ನವೇ ಹಲ್ಲು ತಾನಾಗಿ ಕಳಚಿದರೆ ಏನು ಮಾಡಲಿ?

ಉತ್ತರ: ಅದೇ ಹಲ್ಲನ್ನು ಕುಳಿಗೆ ಮರಳಿ ಒತ್ತಿ, ಮೇಲೆ ಶುಭ್ರ ಬಟ್ಟೆಯ ಉಂಡೆಯಿಟ್ಟು ಗಟ್ಟಿಯಾಗಿ ಕಚ್ಚಿಸಿ. ಹಲ್ಲು ಕೂರದಿದ್ದರೆ ಬಟ್ಟೆಯನ್ನೇ ಕುಳಿಯ ಮೇಲೆ ಬೆರಳಿನಿಂದ ಒತ್ತಿಹಿಡಿಯಿರಿ. ಮಗು ಮಲಗದೆ ಮುಂದಕ್ಕೆ ಬಾಗಿ ಕೂರಲಿ, ಬಾಯಿ ಮುಕ್ಕಳಿಸುವುದು ಬೇಡ. ಒತ್ತಿದ್ದನ್ನು ನಿಂತಿತೇ ಎಂದು ತೆಗೆದು ನೋಡದೆ, 108ಕ್ಕೆ ಕರೆ ಮಾಡಿ, ದಂತಚಿಕಿತ್ಸಾಲಯಕ್ಕಲ್ಲ, ರಕ್ತನಿಧಿಯಿರುವ ದೊಡ್ಡ ಆಸ್ಪತ್ರೆಗೆ ನೇರವಾಗಿ ಕರೆತನ್ನಿ.