ಉಡುಗೊರೆ ಬೇಡ, ಮಕ್ಕಳ ಸಂಸ್ಥೆಗೆ ಕೊಡಿ ಅಂತ ಕೇಳಿದರೆ ತಪ್ಪಾ?

ತುಂಬೆಹೂ:
ನನಗೀಗ ಏಳು ತಿಂಗಳು. ಗೆಳತಿಯರು ಬೇಬಿ ಶವರ್ ಮಾಡಿಯೇ ಮಾಡುತ್ತೇವೆ ಅಂತ ಹಟ ಹಿಡಿದಿದ್ದಾರೆ. ಅಕ್ಕನ ಮಗುವಿನ ತೊಟ್ಟಿಲು, ಬಟ್ಟೆ ಎಲ್ಲ ಆಗಲೇ ನಮ್ಮ ಮನೆಗೆ ಬಂದಿದೆ. ಹೊಸದು ಏನೂ ಬೇಕಿಲ್ಲ.

2019ರಲ್ಲಿ ಬ್ರಿಟನ್ ರಾಜಮನೆತನದ ಹ್ಯಾರಿ, ಅವರ ಹೆಂಡತಿ ಮೇಗನ್ ಮಾಡಿದ್ದು ನೆನಪಾಯಿತು. ಅವರ ಮಗ ಆರ್ಚಿ ಹುಟ್ಟಿದ್ದು ಮೇ 6ಕ್ಕೆ. ಅದಕ್ಕೆ ಒಂದು ತಿಂಗಳ ಮುಂಚೆ, ಮಗುವಿಗೆ ಉಡುಗೊರೆ ಕಳಿಸುವ ಬದಲು ಮಕ್ಕಳಿಗಾಗಿ ಕೆಲಸ ಮಾಡುವ ನಾಲ್ಕು ಸಂಸ್ಥೆಗಳಿಗೆ ಕೊಡಿ ಅಂತ ಇನ್‌ಸ್ಟಾಗ್ರಾಮ್‌ನಲ್ಲಿ ಕೇಳಿಕೊಂಡಿದ್ದರು. ಅವರ ಮಾತು ಲೋಕಕ್ಕೆಲ್ಲ ಕೇಳಿಸುತ್ತೆ. ನಾನು ಕರೆಯುವುದು ಇಪ್ಪತ್ತೈದು ಜನರನ್ನು. ನಿನ್ನೆ ರಾತ್ರಿ ಮೆಸೇಜ್ ಮೂರು ಸಲ ಬರೆದು ಮೂರು ಸಲವೂ ಅಳಿಸಿದೆ. ದೊಡ್ಡಸ್ತಿಕೆ ತೋರಿಸಿದ ಹಾಗಾಗುತ್ತಾ?

ಹಳೇಮನೆ:
ನನಗೆ ಯಾರಾದರೂ ಹಾಗೆ ಹೇಳಿದರೆ ಸ್ವಲ್ಪ ಬೇಜಾರಾಗುತ್ತೆ. ಬೆರಳಷ್ಟುದ್ದದ ಕಾಲುಚೀಲ ಆರಿಸುವುದರಲ್ಲೇ ಒಂದು ಖುಷಿ ಇದೆ, ಅಲ್ವಾ? ಅದನ್ನು ಕಿತ್ತುಕೊಳ್ಳಬೇಡಿ.

ಶನಿವಾರದವಳು:
ತುಂಬೆಹೂ, ದಯವಿಟ್ಟು ಕೇಳಿ. ಮಕ್ಕಳ ಸಾಮಾನು ಸಂಗ್ರಹಿಸಿ, ಇಲ್ಲದವರಿಗೆ ಕೊಡುವ ಒಂದು ಸಂಸ್ಥೆಯಲ್ಲಿ ನಾಲ್ಕು ವರ್ಷದಿಂದ ಪ್ರತಿ ಶನಿವಾರ ಕೆಲಸ ಮಾಡುತ್ತಿದ್ದೇನೆ. ನನ್ನ ಕೆಲಸ ಬಟ್ಟೆ ವಿಂಗಡಿಸುವುದು. ಪ್ರೆಸ್ ಬಟನ್ ಒಂದೊಂದನ್ನೂ ಒತ್ತಿ ನೋಡುತ್ತೇನೆ, ಕತ್ತಿನ ಹತ್ತಿರ ಹಾಲಿನ ಕಲೆ ಇದೆಯಾ ಅಂತ ಬೆಳಕಿಗೆ ಹಿಡಿಯುತ್ತೇನೆ. ಆಗಷ್ಟೇ ಹುಟ್ಟಿದ ಮಗುವಿನ ಬಟ್ಟೆ ಬೆಟ್ಟದಷ್ಟು ಬರುತ್ತೆ, ಲೇಬಲ್ ಕೂಡ ಕಿತ್ತಿರುವುದಿಲ್ಲ. ಒಂದು ವರ್ಷದ ಮಗುವಿನ ಅಳತೆಯ ಕಪಾಟು ಮಾತ್ರ ಯಾವಾಗಲೂ ಖಾಲಿ.

ಅದಕ್ಕಿಂತ ಜಾಸ್ತಿ ಕೊರತೆ ಡೈಪರ್‌ನದು. ಎಳೆ ಕೂಸಿಗೆ ದಿನಕ್ಕೆ ಎಂಟರಿಂದ ಹನ್ನೆರಡು ಬೇಕು. ಅಮೆರಿಕದಲ್ಲಿ ಬಡವರ ಊಟಕ್ಕೆ ಸರ್ಕಾರ ಕೊಡುವ ಸ್ನ್ಯಾಪ್ ನೆರವಿನಲ್ಲಿ ಡೈಪರ್ ಕೊಳ್ಳುವ ಹಾಗಿಲ್ಲ. ಹ್ಯಾರಿ, ಮೇಗನ್ ಹೇಳಿದ ನಾಲ್ಕರಲ್ಲಿ ಒಂದಾದ ಬೇಬಿ2ಬೇಬಿ, ಲಾಸ್ ಏಂಜಲೀಸ್‌ನದು, ಇಂಥ ಮನೆಗಳಿಗೇ ಡೈಪರ್ ಕೊಡುತ್ತೆ. ಲಂಡನ್‌ನ ಲಿಟಲ್ ವಿಲೇಜ್ ಐದು ವರ್ಷದೊಳಗಿನ ಮಕ್ಕಳಿಗೆ ಬಟ್ಟೆ, ಆಟಿಕೆ ಒದಗಿಸುತ್ತೆ. ಲಂಚ್‌ಬಾಕ್ಸ್ ಫಂಡ್ ದಕ್ಷಿಣ ಆಫ್ರಿಕಾದ ಮಕ್ಕಳಿಗೆ ಶಾಲೆಯಲ್ಲಿ ಊಟ ಹಾಕುತ್ತೆ. ವೆಲ್‌ಚೈಲ್ಡ್ ತುಂಬಾ ಕಾಯಿಲೆಯ ಮಕ್ಕಳನ್ನು ಮನೆಯಲ್ಲೇ ನೋಡಿಕೊಳ್ಳಲು ನೆರವಾಗುತ್ತೆ. ನೋಡಿ, ಹೆಸರು ಹಿಡಿದು ಹೇಳಿದ್ದರು. ಸುಮ್ನೆ ‘ದಾನ ಮಾಡಿ’ ಅಂದಿದ್ದರೆ ಯಾರಿಗೆ ಏನು ಗೊತ್ತಾಗಬೇಕು?

ಇನ್ನೊಂದು ವಿಷಯ. ಅವರು ಕೇಳುವ ಮುಂಚೆಯೇ, ಆ ವರ್ಷ ಮಾರ್ಚ್‌ನಲ್ಲಿ, ಅಭಿಮಾನಿಗಳೇ ಅವರ ಮಗುವಿನ ಹೆಸರಲ್ಲಿ ಆನ್‌ಲೈನ್ ಬೇಬಿ ಶವರ್ ಮಾಡಿ ಸಂಸ್ಥೆಗಳಿಗೆ ಹಣ ಕೊಟ್ಟಿದ್ದರು. ನೀವೂ ಗೆಳತಿಯ ಬಾಯಿಂದ ಹೇಳಿಸಿ. ಬಸುರಿ ತಾನೇ ಕೇಳಿದರೆ ಅಪ್ಪಣೆ ಕೊಟ್ಟ ಹಾಗಿರುತ್ತೆ. ಗೆಳತಿ ಕೇಳಿದರೆ ಎಲ್ಲರೂ ಸೇರಿ ಮಾಡುವ ಕೆಲಸ ಆಗುತ್ತೆ. ಯಾರು ಎಷ್ಟು ಕೊಟ್ಟರು ಅಂತ ಮಾತ್ರ ಅಲ್ಲಿ ಓದಬೇಡಿ. ಕೈ ಬಿಗಿ ಇರುವವರು ಒಬ್ಬರಾದರೂ ಇರುತ್ತಾರೆ.

ಹಳೇಮನೆಯವರೇ, ನಿಮ್ಮ ಬೇಜಾರು ನನಗೂ ಅರ್ಥವಾಗುತ್ತೆ. ಕಾಲುಚೀಲ ಆರಿಸಿ, ಖಂಡಿತ ಆರಿಸಿ. ಒಂದು ವರ್ಷದ ಮಗುವಿನದು ತನ್ನಿ. ನಮ್ಮ ಕಪಾಟಿಗೆ ಬರಲಿ.

ಹಳೇಮನೆ:
ಇದಾದರೆ ನಾನೂ ತರುತ್ತೇನೆ. ತುಂಬೆಹೂ ಮಗುವಿಗೆ ಒಂದು ಜೊತೆ, ಅಲ್ಲಿಗೆ ಒಂದು ಜೊತೆ.

ತುಂಬೆಹೂ:
ಓದುತ್ತಾ ಕಣ್ಣು ತುಂಬಿ ಬಂತು. ಗೆಳತಿಗೆ ಈಗಲೇ ಫೋನ್ ಮಾಡಿದೆ, ಒಪ್ಪಿದಳು. ಮೆಸೇಜ್ ಅವಳೇ ಬರೆದಳು: ‘ಮಗುವಿಗೆ ಬೇಕಾದ್ದೆಲ್ಲ ಇದೆ. ಇನ್ನೊಂದು ಮಗುವಿಗೆ ಡೈಪರ್ ತರೋಣ. ಬರಿಗೈಲಿ ಬಂದರೂ ಅಷ್ಟೇ ಸಂತೋಷ.’ ಶನಿವಾರದವಳೇ, ಡೈಪರ್‌ನಲ್ಲಿ ಯಾವ ಅಳತೆ ತರಲಿ?

ಶನಿವಾರದವಳು:
ದೊಡ್ಡದು. ಚಿಕ್ಕ ಅಳತೆಯದು ಎಲ್ಲರೂ ತರುತ್ತಾರೆ. ಒಡೆದ ಪ್ಯಾಕೆಟ್ ಇದ್ದರೂ ಬಿಡಬೇಡಿ. ತಗೊಳ್ತೀರಾ ಅಂತ ಮೊದಲು ಒಂದು ಮಾತು ಆ ಸಂಸ್ಥೆಯವರನ್ನು ಕೇಳಿ.