ಮಗ ಹಾಕಿ ಆಡುತ್ತಾನೆ, ವೇ ಪ್ರೋಟೀನ್ ಕೊಡಬಹುದಾ?

ಪ್ರಶ್ನೆ (ಗೋಣಿಕೊಪ್ಪದ ಒಬ್ಬ ತಾಯಿ): ನಮಸ್ತೆ ಮೇಡಂ. ಮಗನಿಗೆ 17 ವರ್ಷ, ತೂಕ 60 ಕೆಜಿ. ಬೆಳಿಗ್ಗೆ ಸಂಜೆ ಹಾಕಿ ಪ್ರಾಕ್ಟೀಸ್. ಜಿಮ್‌ನಲ್ಲಿ ಯಾರೋ ಹೇಳಿದರೆಂದು ವೇ ಪ್ರೋಟೀನ್ ಡಬ್ಬ ತಂದಿದ್ದಾನೆ. ಹಾಲಿಗೆ ಹಾಕಿ ಕುಡಿಯುತ್ತಾನೆ, ಆಮೇಲೆ ಹೊಟ್ಟೆ ಉಬ್ಬರ. ಕಿಡ್ನಿ ಹೋಗುತ್ತೆ ಅಂತ ಅವನ ಅಜ್ಜಿಗೆ ಭಯ. ನಿಲ್ಲಿಸಲಾ?

ಉತ್ತರ (ಡಯೆಟೀಶಿಯನ್): ನಮಸ್ತೆ ಅಕ್ಕ. ಮೊದಲು ಅಜ್ಜಿಗೆ ಧೈರ್ಯ ಹೇಳಿ. ವೇ ಅಂದರೆ ಚೀಸ್ ಮಾಡುವಾಗ ಉಳಿಯುವ ಹಾಲಿನ ತಿಳಿನೀರು. ಅದನ್ನು ಸೋಸಿ ಒಣಗಿಸಿದ ಪುಡಿ ಇದು. ಕಿಡ್ನಿ ಚೆನ್ನಾಗಿರುವವರಿಗೆ ದಿನಕ್ಕೆ ಒಂದು ಸ್ಕೂಪ್‌ನಿಂದ (ಡಬ್ಬದೊಳಗೆ ಬರುವ ಅಳತೆ ಚಮಚ) ಹಾನಿ ಇಲ್ಲ. ಕಿಡ್ನಿ ತೊಂದರೆ ಮೊದಲೇ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಆದರೆ ಅವನಿಗೆ ಅದು ಬೇಕಾ? ಸಾಮಾನ್ಯ ಜನರಿಗೆ ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು. ಇಷ್ಟು ಆಡುವವನಿಗೆ 1.4 ಗ್ರಾಂ ಅಂತ ಹಿಡಿಯೋಣ, 84 ಗ್ರಾಂ ಆಯಿತು. ಈಗ ಅವನ ತಟ್ಟೆ ನೋಡಿ. ಎರಡು ಮೊಟ್ಟೆಯಲ್ಲಿ 12, ಅರ್ಧ ಲೀಟರ್ ಹಾಲಿನಲ್ಲಿ 16, 100 ಗ್ರಾಂ ಬೆಂದ ಕೋಳಿಯಲ್ಲಿ 25ರ ಮೇಲೆ. ಮೂರು ಹೊತ್ತಿನ ಅನ್ನ, ಕಡಂಬಿಟ್ಟು (ಅಕ್ಕಿ ಕಡುಬು) ಎಲ್ಲ ಸೇರಿ 20ರ ಹತ್ತಿರ, ಒಂದು ಬಟ್ಟಲು ಬೇಳೆ ಸಾರಿನಲ್ಲಿ 7. ಹೆಚ್ಚುಕಡಿಮೆ ಮುಟ್ಟಿತು, ಅಲ್ವಾ? ಪಂದಿ ಕರಿಯೂ (ಹಂದಿ ಮಾಂಸದ ಸಾರು) ಲೆಕ್ಕಕ್ಕೆ ಬರುತ್ತದೆ, ಆದರೆ ಕೊಬ್ಬಿನ ತುಂಡೇ ಜಾಸ್ತಿಯಾದರೆ ಪ್ರೋಟೀನ್ ಕಡಿಮೆ. ಮಾಂಸ ಇಲ್ಲದ ದಿನ ಕಡಲೆಕಾಳು ಜಾಸ್ತಿ ಮಾಡಿ. ಮೈ ಬೆಳೆಸಲು ಪ್ರೋಟೀನ್ ಪುಡಿ ಬೇಡ ಅಂತಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2024ರ ಆಹಾರ ಮಾರ್ಗಸೂಚಿ ಹೇಳಿದೆ. ಮ್ಯಾಚ್ ದಿನ ಸರಿಯಾಗಿ ಊಟ ಮಾಡಲು ಆಗದಿದ್ದಾಗ ಒಂದು ಸ್ಕೂಪ್ ಕುಡಿದರೆ ನನ್ನ ತಕರಾರಿಲ್ಲ. ದಿನಾ ತಿಂಡಿ ಬಿಟ್ಟು ಅದನ್ನೇ ಕುಡಿಯುವುದು ಬೇಡವೇ ಬೇಡ.

ಹೊಟ್ಟೆ ಉಬ್ಬರಕ್ಕೆ ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್ ಕಾರಣ ಇರಬಹುದು. ಪುಡಿಗಿಂತ ಹಾಲಿನಲ್ಲೇ ಅದು ಜಾಸ್ತಿ. ನಾಲ್ಕೈದು ದಿನ ನೀರಿನಲ್ಲಿ ಕಲಸಿ ಕುಡಿಯಲಿ. ಆಗಲೂ ಉಬ್ಬಿದರೆ, ಬರೀ ಹಾಲು ಕುಡಿದಾಗ ಏನೂ ಆಗದಿದ್ದರೆ, ಪುಡಿಗೆ ಸೇರಿಸಿದ ಕೃತಕ ಸಿಹಿ ಅಥವಾ ಮಂದವಾಗಲು ಹಾಕುವ ಗೋಂದಿನ ಮೇಲೆ ಅನುಮಾನ. ಆ ಡಬ್ಬ ನಿಲ್ಲಿಸಿ.

ಡಬ್ಬದ ಹಿಂದೆ 100 ಗ್ರಾಂಗೆ ಎಷ್ಟು ಪ್ರೋಟೀನ್ ಅಂತ ಓದಿ. ಒಳ್ಳೆಯ ಕಾನ್ಸಂಟ್ರೇಟ್‌ನಲ್ಲಿ (ಸಾಮಾನ್ಯವಾಗಿ ಸಿಗುವ ವೇ ಪುಡಿ) 75-80 ಗ್ರಾಂ ಇರುತ್ತದೆ. 20 ಅಂತಿದ್ದರೆ ಅದು ಮಾಸ್ ಗೇನರ್, ಅಂದರೆ ತೂಕ ಹೆಚ್ಚಿಸುವ ಪುಡಿ, ಬಹುಪಾಲು ಬರೀ ಪಿಷ್ಟ, ಸಕ್ಕರೆ. 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ನಂಬರ್ ಇಲ್ಲದ್ದನ್ನು ಮನೆಯೊಳಗೇ ತರಬೇಡಿ.

ಪ್ರಶ್ನೆ (ಸೋಮವಾರಪೇಟೆಯಿಂದ): ಮೇಡಂ, ನಮ್ಮಲ್ಲಿ ಹಸು ಇದೆ. ಪನೀರ್ ಮಾಡಿದಾಗ ಉಳಿಯುವ ನೀರು ಕುಡಿದರೆ ಇದೇ ಆಯಿತಲ್ವಾ?

ಉತ್ತರ: ಅಷ್ಟಾಗಿ ಅಲ್ಲ. ಚೀಸ್‌ಗೆ ಹಾಲನ್ನು ಉಗುರುಬೆಚ್ಚಗೆ ಇಟ್ಟು ಒಡೆಸುತ್ತಾರೆ, ಹಾಗಾಗಿ ವೇ ಪ್ರೋಟೀನ್ ನೀರಿನಲ್ಲೇ ಉಳಿಯುತ್ತದೆ. ನಾವು ಕುದಿಸಿ ನಿಂಬೆ ಹಿಂಡುತ್ತೇವೆ. ಆ ಬಿಸಿಗೆ ಅದರಲ್ಲಿ ಬಹುಪಾಲು ಪನೀರ್‌ಗೇ ಅಂಟಿಕೊಳ್ಳುತ್ತದೆ. ನೀರಿನಲ್ಲಿ ಲೋಟಕ್ಕೆ 1 ಗ್ರಾಂ ಆಸುಪಾಸು ಸಿಕ್ಕರೆ ಹೆಚ್ಚು. ಸುಮ್ನೆ ಚೆಲ್ಲಬೇಡಿ, ಚಪಾತಿ ಹಿಟ್ಟಿಗೆ ಹಾಕಿ ಕಲಸಿ. ಪನೀರ್ ಮಕ್ಕಳಿಗೆ ಕೊಡಿ.